ಪೆದ್ದಮ್ಮನ ಸುತ್ತ ಹದಿನಾರು ಮಂದಿ

ನನಗೆ ಸುಮ್ಮನೆ ನಿಲ್ಲಲು ಬರುವುದಿಲ್ಲ. ರೋಗವೇನಲ್ಲ, ಚಟ. ಹಾಲು ಉಕ್ಕುವುದನ್ನು ಕಾಯುತ್ತ ನಿಂತರೂ ಕಾಲು ತಾನಾಗಿ ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಹೋಗಿ, ಕೊನೆಗೊಂದು ಸಣ್ಣ ಕುಪ್ಪಳಿಕೆ ಹಾಕುತ್ತದೆ. ಹೋದ ವಾರ ಶಹಾಪುರದ ಬ್ಯಾಂಕಿನಲ್ಲಿ ಪಾಳಿ ಹಚ್ಚಿ ನಿಂತಾಗ ಇದೇ ಆಯಿತು. ಹಿಂದಿದ್ದ ರುಮಾಲಿನ ಹಿರಿಯರ ಕಾಲನ್ನು ಚೆನ್ನಾಗಿ ತುಳಿದೆ.

"ಯವ್ವಾ, ಪಾಳಿ ಮುಂದಕ್ಕ ಹೊಂಟದ. ನೀ ಯಾಕ ಹಿಂದಕ್ಕ ಬರಾಕತ್ತಿ?" ಎಂದರು.

"ಕೋಲಾಟದ ಹೆಜ್ಜಿ ರೀ ಯಪ್ಪಾ. ಕಾಲಿಗೆ ರೂಢಿ ಆಗ್ಯಾದ."

ಅವರು ನನ್ನ ಬಿಳಿಗೂದಲು ನೋಡಿದರು, ಕನ್ನಡಕ ನೋಡಿದರು, ಕೆಳಗೆ ನನ್ನ ಕಾಲು ನೋಡಿದರು. "ಬ್ಯಾಂಕಿನಾಗ?" ಎಂದಷ್ಟೇ ಕೇಳಿ ಒಂದು ಮಾರು ದೂರ ಸರಿದು ನಿಂತರು.

ಅವರಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ. ನಿಮ್ಮ ಕಾಲು ನನ್ನಿಂದ ದೂರವಿದೆ, ಹೆದರಬೇಡಿ.

ಈ ಹೆಜ್ಜೆ ನಮ್ಮದಲ್ಲ. ಇದು ಕಾಲುವೆ ನೀರಿನ ಬೆನ್ನು ಹತ್ತಿ ಆಂಧ್ರದ ಡೆಲ್ಟಾ ಸೀಮೆಯಿಂದ ನಮ್ಮ ಸುರಪುರ ತಾಲ್ಲೂಕಿಗೆ ಬಂದು ನೆಲೆಸಿದ ಹೆಣ್ಣುಮಕ್ಕಳದು. ಅವರು ಭೂಮಿ ಕೊಂಡು ಮನೆ ಕಟ್ಟಿಕೊಂಡ ಜಾಗಗಳನ್ನು ನಾವು ಇವತ್ತಿಗೂ ಕ್ಯಾಂಪ್ ಎನ್ನುತ್ತೇವೆ. ಮಹಡಿ ಮನೆಗಳು ಎದ್ದು ಮೊಮ್ಮಕ್ಕಳು ಹುಟ್ಟಿದರೂ ಅದು ಕ್ಯಾಂಪೇ, ನಾಳೆ ಡೇರೆ ಕಿತ್ತು ಹೊರಡುತ್ತಾರೇನೋ ಎಂಬಂತೆ. ಕೆಂಭಾವಿಯಿಂದ ಸ್ವಲ್ಪ ದೂರದ ಇಂಥ ಒಂದು ಕ್ಯಾಂಪಿಗೆ ಜಾಲಿ ಕ್ಯಾಂಪ್ ಎಂದು ಹೆಸರು. ಅವರು ಬರುವ ಮೊದಲು ಅಲ್ಲಿ ಜಾಲಿ ಗಿಡ ಬಿಟ್ಟು ಬೇರೇನೂ ಇರಲಿಲ್ಲ. ಇಷ್ಟು ಖಚಿತವಾಗಿ ಹೇಗೆ ಹೇಳುತ್ತೇನೆಂದರೆ, ಆ ಜಾಲಿ ನಮ್ಮದೇ. ಹೊಲವೂ ನಮ್ಮದೇ ಆಗಿತ್ತು.

ನಮ್ಮಪ್ಪ ಅದನ್ನು ಮಾರಿದಾಗ ನನಗೆ ಎಂಟು ವರ್ಷ. ಊರಿಂದ ದೂರ, ಕಲ್ಲುಗರಸು, ಹೋಗಿ ಬರುವಷ್ಟರಲ್ಲಿ ಎತ್ತು ಸೋಲುತ್ತಿದ್ದವು. ಕಾಲುವೆ ಬರುತ್ತದೆ, ತಡಿ ಎಂದು ನಾಲ್ಕು ಜನ ಹೇಳಿದರೆ ಅಪ್ಪ ನಕ್ಕುಬಿಟ್ಟ. "ಕೃಷ್ಣಾ ಹೊಳಿ ಏನ್ ನಮ್ಮನಿ ಎಮ್ಮೇನು, ಬಾ ಅಂದ್ರ ಬರಾಕ?" ಹೊಳೆ ಬಂತು. ಎಮ್ಮೆಗಿಂತ ವಿಧೇಯವಾಗಿ, ಯಾರೂ ಕರೆಯದೆ, ಅಪ್ಪ ಮಾರಿದ ಎರಡನೇ ವರ್ಷಕ್ಕೆ ಬಂತು. ಅಂದಿನಿಂದ ಅಪ್ಪ ಕೆಂಭಾವಿ ಸಂತೆಗೆ ಹೋಗುವ ದಾರಿಯನ್ನೇ ಬದಲಿಸಿದ. ಸುತ್ತು ಹಾಕಿ ಹೋಗುತ್ತಿದ್ದನೇ ಹೊರತು ಆ ಹಸಿರಿನ ಕಡೆ ಮುಖ ಮಾಡುತ್ತಿರಲಿಲ್ಲ.

ಊರವರು ಅದನ್ನು ಹೊಟ್ಟೆಕಿಚ್ಚು ಎಂದುಕೊಂಡರು. ಅದಲ್ಲ. ಆ ಹೊಲದ ಮೂಲೆಯ ದೊಡ್ಡ ಜಾಲಿಯ ಬುಡದಲ್ಲಿ ನಮ್ಮ ಆಯಿಯನ್ನು, ಅಂದರೆ ಅಪ್ಪನ ತಾಯಿಯನ್ನು, ಮಣ್ಣು ಮಾಡಿದ್ದೆವು. ನಾವು ಸತ್ತವರನ್ನು ಸ್ವಂತ ಹೊಲದಲ್ಲಿ, ಕೂರಿಸಿ ಮಣ್ಣು ಮಾಡುವ ಮಂದಿ. ಮೇಲೆ ಕಲ್ಲು ಪೇರಿಸಿ, ಒಂದು ಪುಟ್ಟ ಕಲ್ಲಿನ ಬಸವಣ್ಣನನ್ನು ಇಟ್ಟಿದ್ದೆವು. ಮಾರುವಾಗ ಅಪ್ಪ, "ಈ ಮೂಲಿ ಒಂದು ಬಿಡ್ರಿ, ಅವ್ವ ಕುಂತಾಳ" ಎಂದಿದ್ದ. ಕೊಂಡವನು ಆಗಲಿ ಎಂದಿದ್ದ. ಆದರೆ ಕೊಂಡವನು ದಲಾಲಿ. ಆರು ತಿಂಗಳಲ್ಲಿ ಅದನ್ನು ಬೇರೆಯವರಿಗೆ ಮಾರಿದ. ಕಾಗದ ಕೈ ಬದಲಾಯಿತು, ಬಾಯಿಮಾತು ಗಾಳಿಗೆ ಹೋಯಿತು. ಭತ್ತದ ಗದ್ದೆಯಾಗಿದೆ ಎಂದು ಕೇಳಿದ ದಿನ ಅಪ್ಪ ಊಟ ಮಾಡಲಿಲ್ಲ. "ನಮ್ಮವ್ವನ ತಲಿ ಮ್ಯಾಲ ನೀರು ನಿಂದ್ರಿಸ್ಯಾರ" ಎಂದ. ಮತ್ತೆ ಆ ಮಾತು ಎತ್ತಲಿಲ್ಲ.

ಇಪ್ಪತ್ತಮೂರಕ್ಕೆ ನನಗೆ ಮಾಸ್ತರಿಕೆ ಸಿಕ್ಕಿತು. ಜಾಲಿ ಕ್ಯಾಂಪಿನ ಕನ್ನಡ ಶಾಲೆ.

"ಸರ್ಕಾರಕ್ಕ ಬ್ಯಾರೆ ಊರ ಸಿಗಲಿಲ್ಲೇನು?" ಎಂದ ಅಪ್ಪ.

ಮೊದಲ ದಿನ ಹೋದವಳು ಕಳ್ಳಿಯ ಹಾಗೆ ಬದುಗಳ ಮೇಲೆಲ್ಲ ಓಡಾಡಿ ಆ ಮೂಲೆಯನ್ನು ಹುಡುಕಿದೆ. ಎಲ್ಲ ಅಂಗೈಯಂತೆ ಸಪಾಟು. ಜಾಲಿ ಇಲ್ಲ, ಕಲ್ಲಿಲ್ಲ, ದಿಕ್ಕೂ ತಿಳಿಯಲಿಲ್ಲ. ಅಪ್ಪ ಹೇಳಿದ್ದೇ ನಿಜ ಎಂದುಕೊಂಡೆ. ಶಾಲೆಗೆ ಬಂದು ಬಾಗಿಲಲ್ಲಿ ನಿಂತೆನೋ ಇಲ್ಲವೋ, ಮಕ್ಕಳು ನನ್ನ ಕಡೆ ಬೆರಳು ಮಾಡಿ "ಪೆದ್ದಮ್ಮ! ಪೆದ್ದಮ್ಮ!" ಎಂದು ಕೂಗಿದವು. ನನ್ನ ಬುದ್ಧಿಯ ಬಗ್ಗೆ ಇವಕ್ಕೆ ಇಷ್ಟು ಬೇಗ ಯಾರು ಹೇಳಿದರು ಎಂದು ಕಣ್ಣಲ್ಲಿ ನೀರು ಬಂತು. ಅವು ತೋರಿಸುತ್ತಿದ್ದದ್ದು ನನ್ನನ್ನಲ್ಲ, ನನ್ನ ಹಿಂದೆ, ಶಾಲೆಯ ಪಕ್ಕದ ಬಯಲಲ್ಲಿದ್ದ ಒಂದು ದಿಬ್ಬವನ್ನು. ಸುಣ್ಣ ಬಳಿದು, ಅರಿಶಿನ ಹಚ್ಚಿ, ಮೇಲೆ ಬೇವಿನ ಸೊಪ್ಪು ಹೊದಿಸಿದ್ದರು. ತೆಲುಗಿನಲ್ಲಿ ಪೆದ್ದಮ್ಮ ಎಂದರೆ ದೊಡ್ಡಮ್ಮ ಎಂದು ಆಮೇಲೆ ತಿಳಿಯಿತು. ಅವರ ಊರದೇವತೆ ಇರಬೇಕು ಎಂದು ಕೈ ಮುಗಿದು ಒಳಗೆ ಹೋದೆ.

ಅಷ್ಟರಲ್ಲಿ ಎತ್ತರದ ನಿಲುವಿನ, ಮೂಗಿನ ಎರಡೂ ಕಡೆ ನತ್ತಿಟ್ಟ ಹೆಂಗಸೊಬ್ಬಳು ಮಜ್ಜಿಗೆ ಚೊಂಬು ಹಿಡಿದು ಬಂದು, "ಮೀದಿ ಎಕ್ಕಡ?" ಎಂದಳು. ನಮ್ಮಲ್ಲಿ ಎಕ್ಕಡ ಎಂದರೆ ಕಾಲಿನ ಚಪ್ಪಲಿ. ದೇವರ ಎದುರು ಚಪ್ಪಲಿ ಹಾಕಿಕೊಂಡು ನಿಂತಿದ್ದಕ್ಕೆ ಬೈಯುತ್ತಿದ್ದಾಳೆಂದು ಗಾಬರಿಯಾಗಿ ಎರಡನ್ನೂ ಕಳಚಿ ಹೊರಗೆ ಎಸೆದೆ. ಅವಳು ಎಸೆದ ಚಪ್ಪಲಿ ನೋಡಿದಳು, ನನ್ನನ್ನು ನೋಡಿದಳು. ನಗು ತಡೆಯಲಾರದೆ ಚೊಂಬು ಕೆಳಗಿಟ್ಟು ಕುಳಿತುಬಿಟ್ಟಳು. ಅವಳು ಕೇಳಿದ್ದು ನಿಮ್ಮೂರು ಎಲ್ಲಿ ಎಂದು. ಇವಳೇ ರತ್ತಮ್ಮ. ಕ್ಯಾಂಪಿನ ಕೋಲಾಟ ಸಂಘ ಕಟ್ಟಿದವಳು.

ಊರಿನ ಹೆಸರು ಹೇಳಿದೆ. ಈ ಹೊಲ ಮಾರಿದವನ ಮಗಳು ಎಂದು ಮಾತ್ರ ಹೇಳಲಿಲ್ಲ.

ಸಂಘವೆಂದರೆ ಹದಿನಾರು ಹೆಂಗಸರು. ಒಳಸುತ್ತಿನಲ್ಲಿ ಎಂಟು, ಹೊರಸುತ್ತಿನಲ್ಲಿ ಎಂಟು. ಎದುರುಬದುರು ನಿಂತು ಕೋಲಿಗೆ ಕೋಲು ತಾಕಿಸಿ, ಸರಿದು, ಮುಂದಿನವಳಿಗೆ ತಾಕಿಸುತ್ತ ಪೆದ್ದಮ್ಮನ ದಿಬ್ಬವನ್ನು ಸುತ್ತುತ್ತಿದ್ದರು. ಸಂಜೆ ಐದಕ್ಕೆ ಶಾಲೆ ಬಿಟ್ಟು ನಾನು ಬಸ್ಸು ಕಾಯುವ ಹೊತ್ತಿಗೆ ಅವರ ತಾಲೀಮು. ರಾಮನವಮಿ ಹತ್ತಿರ ಬಂದಾಗ ಸತ್ಯವತಿ ಎಂಬವಳು ಬಾಣಂತನಕ್ಕೆ ತವರಿಗೆ ಹೋದಳು. ಹದಿನೈದು ಉಳಿಯಿತು. ಕೋಲಾಟಕ್ಕೆ ಬೆಸ ಸಂಖ್ಯೆ ಎಂದರೆ ಒಂದು ಕಾಲಿಗೆ ಮಾತ್ರ ಚಪ್ಪಲಿ ಇದ್ದಂತೆ.

"ಟೀಚರಮ್ಮಾ, ಬಸ್ಸು ಬರೂದು ತಡ ಕದಾ? ಕೋಲು ಹಿಡೀರಿ" ಎಂದಳು ರತ್ತಮ್ಮ.

ಹಿಡಿದೆ. ಆ ಸಂಜೆ ನಾನು ಯಾರ ಯಾರ ಬೆರಳಿಗೆ ಹೊಡೆದೆ ಎಂಬ ಪಟ್ಟಿ ಬೇಡ. ಮರುದಿನ ಕ್ಯಾಂಪಿನಲ್ಲಿ ಐದು ಜನ ಅರಿಶಿನ ಹಚ್ಚಿದ ಬೆರಳಿನಿಂದ ಅನ್ನ ಕಲಸುತ್ತಿದ್ದರು ಎಂದರೆ ಸಾಕು. ಗಂಡಸರು ರಾಮಮಂದಿರದ ಕಟ್ಟೆಯ ಮೇಲೆ ಕೂತು, ಹೊರಗಿನವರನ್ನು ಸೇರಿಸಿಕೊಂಡರೆ ನಮ್ಮ ಆಟ ನಮ್ಮದಾಗಿ ಉಳಿಯುತ್ತದೆಯೇ ಎಂದು ಮಾತಾಡಿಕೊಂಡರಂತೆ. ರತ್ತಮ್ಮ ಅಲ್ಲಿಗೇ ಹೋಗಿ, "ಜೋಡಿ ಇಲ್ಲದ ಕೋಲು ಎಲ್ಲಿ ಹೊಡೀಲಿ, ನಿಮ್ಮ ತಲಿ ಮ್ಯಾಲ?" ಎಂದು ಕೇಳಿ ಬಂದಳಂತೆ. ಮಾತು ಅಲ್ಲಿಗೆ ನಿಂತಿತು. ಸತ್ಯವತಿ ಮಗುವಿನೊಂದಿಗೆ ಬಂದ ಮೇಲೂ ನನ್ನನ್ನು ಬಿಡಲಿಲ್ಲ. ಯಾರಾದರೊಬ್ಬರು ಸದಾ ಬಸುರಿ, ಇಲ್ಲವೇ ಸೊಂಟ ನೋವು. ನಾನು ಖಾಯಂ ಹದಿನಾರನೆಯವಳಾದೆ.

ಇಂಥ ಸುದ್ದಿ ಕೆಂಭಾವಿ ಸಂತೆಯಲ್ಲಿ ಉಳ್ಳಾಗಡ್ಡಿಗಿಂತ ಬೇಗ ಖರ್ಚಾಗುತ್ತದೆ. ಸೋಮವಾರ ಸಂತೆಯಿಂದ ಬಂದ ಅಪ್ಪ ಚೀಲ ಇಳಿಸದೆ ನಿಂತೇ ಕೇಳಿದ.

"ಮಾರಿದ ಹೊಲದಾಗ ಕುಣದಿಯಂತ."

ನಾನು ರೊಟ್ಟಿ ತಿರುವಿ ಹಾಕುತ್ತಿದ್ದೆ. "ಹೌದು" ಎಂದೆ.

"ಅವ್ವ ಕೆಳಗದಾಳ ಅನ್ನೂದು ನೆಪ್ಪಿತ್ತೇನು?"

ತವೆಯ ಮೇಲೆ ರೊಟ್ಟಿ ಸುಟ್ಟು ಕರಿಯಾಯಿತು. ಅಪ್ಪ ಎರಡು ತಿಂಗಳು ನನ್ನೊಡನೆ ಮಾತಾಡಲಿಲ್ಲ. ನೀರು ಬೇಕಾದರೂ ಅವ್ವನಿಗೆ ಹೇಳಿ ನನ್ನಿಂದ ತರಿಸಿಕೊಳ್ಳುತ್ತಿದ್ದ. ಕೋಲಾಟ ಬಿಡಬೇಕೆಂದು ಪ್ರತಿ ಬೆಳಿಗ್ಗೆ ಅಂದುಕೊಳ್ಳುತ್ತಿದ್ದೆ. ಸಂಜೆ ಐದಕ್ಕೆ ಕೋಲಿನ ಸದ್ದು ಕೇಳಿದರೆ ಕಾಲು ನನ್ನ ಮಾತು ಕೇಳುತ್ತಿರಲಿಲ್ಲ. ನನ್ನ ಕಾಲಿನ ಸ್ವಭಾವ ನಿಮಗೆ ಆಗಲೇ ಹೇಳಿದೆನಲ್ಲ.

ಒಂದು ಸಂಜೆ ನನ್ನ ಕೋಲು ಸೀಳಿತು. ರತ್ತಮ್ಮ ಪಕ್ಕದ ತನ್ನ ಮನೆಯೊಳಗಿಂದ ಬೇರೊಂದು ಜೊತೆ ತಂದುಕೊಟ್ಟಳು. ಕಪ್ಪಗೆ, ಎಣ್ಣೆ ಕುಡಿದು ನುಣ್ಣಗಾಗಿದ್ದವು. ತಾಕಿಸಿದರೆ ಗಂಟೆಯ ಹಾಗೆ ನಾದ.

"ಇವು ಮೊದಲನೇ ವರ್ಷದ ಕೋಲು ಟೀಚರಮ್ಮಾ. ಜಾಲಿ. ಪೆದ್ದಮ್ಮನ ತಲಿ ಮ್ಯಾಲ ಇದ್ದ ಗಿಡದ್ದು."

"ಯಾವ ಗಿಡ?" ಎಂದೆ.

ರತ್ತಮ್ಮ ತನ್ನ ಮನೆಯ ಕಟ್ಟೆಯ ಮೇಲೆ ಕೂತು ಹೇಳಿದಳು. ಅವರು ಲಾರಿಯಲ್ಲಿ ಬಂದಿಳಿದ ವರ್ಷ ಇಲ್ಲಿ ಮನೆಯಿಲ್ಲ, ಬರೀ ತಾಡಪತ್ರಿಯ ಗುಡಿಸಲು. ಚೇಳು, ಗಾಳಿ, ಗೊತ್ತಿಲ್ಲದ ಭಾಷೆ. ಗಂಡಸರು ಕಾಲುವೆ ಕಡೆ ಹೋದರೆ ಹೆಂಗಸರು ತಂತಮ್ಮ ಗುಡಿಸಲಲ್ಲಿ ಒಬ್ಬೊಬ್ಬರೇ ಕೂತು ಅಳುತ್ತಿದ್ದರು. ಒಬ್ಬರ ಅಳು ಇನ್ನೊಬ್ಬರಿಗೆ ಕೇಳುತ್ತಿತ್ತು, ಯಾರೂ ಎದ್ದು ಬರುತ್ತಿರಲಿಲ್ಲ. ಗದ್ದೆ ಮಾಡಲು ಟ್ರ್ಯಾಕ್ಟರು ನೆಲ ಸಪಾಟು ಮಾಡುತ್ತ ಈ ಮೂಲೆಗೆ ಬಂತು. ದೊಡ್ಡ ಜಾಲಿ ಉರುಳಿಸಿದರು. ಬುಡದಲ್ಲಿ ಪೇರಿಸಿದ ಕಲ್ಲು, ಒಂದು ಸಣ್ಣ ನಂದಿ. ಯಾವುದೋ ಅಜ್ಜಿಯ ಸಮಾಧಿಯಂತೆ ಎಂದ ಟ್ರ್ಯಾಕ್ಟರಿನವನು.

"ನನ್ನ ಗಂಡ ಅಂದ, ತಳ್ಳಿಬಿಡು ಅಂತ. ನಾ ಹೋಗಿ ಟ್ರ್ಯಾಕ್ಟರ್ ಮುಂದ ಕುಂತೆ. ಇವತ್ತಿಗೂ ಎಲ್ಲರೂ ಅಂತಾರ, ರತ್ತಮ್ಮ ಭಾಳ ಧೈರ್ಯದಾಕಿ ಅಂತ. ಧೈರ್ಯ ಎಲ್ಲೀದಮ್ಮಾ? ಯಾರ್ದೋ ಹಿರಿ ಜೀವ, ಎದ್ದು ಬಂದು ನನ್ನ ಹಿಡ್ಕೊಂಡ್ರ ಅಂತ ಕಾಲು ನಡುಗಿ ಕುಂತೆ. ಏಳಾಕ ಬರಲಿಲ್ಲ. ಅಷ್ಟ."

ಅವಳು ಏಳದ್ದರಿಂದ ಆ ಮೂಲೆ ಉಳಿಯಿತು. ಗಿಡ ಕಡಿದು ಆ ಅಜ್ಜಿಯ ನೆರಳು ಕಳೆದೆವಲ್ಲ ಎಂದು ಅವಳಿಗೆ ಕಸಿವಿಸಿ. ಕೊಂಬೆಗಳಿಂದ ಕೋಲು ಮಾಡಿಸಿದಳು. ಅಳುತ್ತಿದ್ದ ಹೆಂಗಸರನ್ನೆಲ್ಲ ಗುಡಿಸಲಿನಿಂದ ಎಬ್ಬಿಸಿ ತಂದು, ತನ್ನ ತವರಿನಲ್ಲಿ ಕಲಿತ ಕೋಲಾಟವನ್ನು ಇಲ್ಲಿ ಸುತ್ತಿಸಿದಳು. ಸಂಘ ಹುಟ್ಟಿದ್ದು ಹೀಗೆ. ಸಮೀಪದಲ್ಲೇ ಶಾಲೆ ಬಂದದ್ದೂ, ಸಾಗುವಳಿಗೆ ಬಾರದೆ ಎತ್ತರ ಉಳಿದ ಜಾಗ ಇದೊಂದೇ ಎಂದು.

ನಾನು ಎದ್ದು ದಿಬ್ಬದ ಬಳಿ ಹೋಗಿ ಬೇವಿನ ಸೊಪ್ಪು ಸರಿಸಿದೆ. ಅಷ್ಟು ದಿನ ಸುತ್ತಿದ್ದೆ, ಒಮ್ಮೆಯೂ ಸರಿಸಿ ನೋಡಿರಲಿಲ್ಲ. ಅರಿಶಿನದ ಒಳಗೆ ಪುಟ್ಟ ಬಸವಣ್ಣ ಕೂತಿದ್ದ.

"ಯಾಕಮ್ಮಾ, ಏನಾತು?" ಎಂದಳು ರತ್ತಮ್ಮ. ನಾಳೆ ಹೇಳುತ್ತೇನೆ ಎಂದು ಬಸ್ಸು ಹತ್ತಿದೆ. ಇದನ್ನು ಮೊದಲು ಕೇಳಬೇಕಾದವನು ಬೇರೆ ಇದ್ದ.

ಅಪ್ಪ ಅಂಗಳದಲ್ಲಿ ಮಿಣಿ ಹಗ್ಗ ಹೊಸೆಯುತ್ತಿದ್ದ. ಎಲ್ಲ ಹೇಳಿದೆ. ಎರಡು ತಿಂಗಳ ಮೌನ ಮುರಿದದ್ದು ಒಂದೇ ಶಬ್ದದಿಂದ.

"ಸುಳ್ಳ."

"ಕಣ್ಣಾರೆ ನೋಡೀನಿ ಯಪ್ಪಾ. ಸುಣ್ಣ ಬಳದಾರ, ದೀಪ ಹಚ್ತಾರ. ಪೆದ್ದಮ್ಮ ಅಂತ ಕರೀತಾರ."

ಅಪ್ಪನ ಕೈ ನಿಂತಿತು. "ಏನಂತ?"

"ಪೆದ್ದಮ್ಮ."

"ನಮ್ಮವ್ವನ್ನ? ಪೆದ್ದಿ ಅಂತ?"

ನಿಮಗೆ ನಮ್ಮ ಆಯಿ ಗೊತ್ತಿಲ್ಲ. ಊರ ಪಂಚಾಯ್ತಿಯವರು ತೀರ್ಪು ಹೇಳುವ ಮೊದಲು ನಮ್ಮ ಮನೆಯ ಹಿತ್ತಿಲಿಗೆ ಬಂದು ಆಕೆಯನ್ನು ಕೇಳಿಕೊಂಡು ಹೋಗುತ್ತಿದ್ದರಂತೆ. ಅಂಥವಳ ಮಗ ಆತ. ಅರ್ಥ ಬಿಡಿಸಿ ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ರುಮಾಲು ಸುತ್ತಿಕೊಂಡು, ಬಡಿಗೆ ಹಿಡಿದು ಬಾಗಿಲಲ್ಲಿದ್ದ. "ನಡಿ. ಯಾರಂದವ್ರು ತೋರ್ಸು." ಅರ್ಥ ಹೇಳಿದರೆ ಎಲ್ಲಿ ಮತ್ತೆ ಕುಳಿತುಬಿಡುತ್ತಾನೋ ಎಂದು ನಾನೂ ಬಾಯಿ ಮುಚ್ಚಿಕೊಂಡೆ. ಹದಿನೈದು ವರ್ಷದ ಮೇಲೆ ಅಪ್ಪ ಆ ಹೊಲಕ್ಕೆ ಹೋದದ್ದು ದುಃಖದಿಂದಲ್ಲ, ಜಗಳ ಮಾಡಲು.

ನಾವು ಮುಟ್ಟಿದಾಗ ಕತ್ತಲಾಗಿತ್ತು, ಲಾಟೀನಿನ ಬೆಳಕಿನಲ್ಲಿ ತಾಲೀಮು ಇನ್ನೂ ನಡೆದಿತ್ತು. ಅಪ್ಪ ಸುತ್ತಿನ ಹೊರಗೆ ನಿಂತು ಬಡಿಗೆ ನೆಲಕ್ಕೆ ಕುಟ್ಟಿದ. "ಯಾರ್ರೀ ಅದು, ನಮ್ಮವ್ವಗ ಪೆದ್ದಿ ಅಂದವ್ರು?"

ಕೋಲುಗಳು ನಿಂತವು. ಹೆಂಗಸರು ನನ್ನ ಮುಖ ನೋಡಿದರು. ಆಗ ಹೇಳಿದೆ. ಇವರು ನನ್ನ ತಂದೆ. ಈ ಹೊಲ ನಮ್ಮದಿತ್ತು. ಪೆದ್ದಮ್ಮ ನಮ್ಮ ಆಯಿ.

ರತ್ತಮ್ಮ ಕೋಲು ಕೆಳಗಿಟ್ಟು, ಸೆರಗು ಹೊದ್ದು, ಬಂದು ಅಪ್ಪನ ಕಾಲು ಮುಟ್ಟಿದಳು. "ಪೆದ್ದಿ ಅಲ್ಲ ಅಪ್ಪಾ. ಪೆದ್ದಮ್ಮ ಅಂದ್ರ ದೊಡ್ಡಮ್ಮ. ಹೆಸರು ಗೊತ್ತಿಲ್ಲ ಕದಾ ನಮಗ, ಏನಂತ ಕರೀಬೇಕು?"

ಅಪ್ಪನಿಗೆ ಜಗಳಕ್ಕೆ ತಂದಿದ್ದ ಮಾತುಗಳು ಒಂದೂ ಉಪಯೋಗಕ್ಕೆ ಬರಲಿಲ್ಲ. ಹೆಂಗಸರು ದಾರಿ ಬಿಟ್ಟರು. ಒಳಗೆ ಹೋಗಿ ಬಸವಣ್ಣನ ಮುಂದೆ ಕುಕ್ಕರಗಾಲಲ್ಲಿ ಕೂತ. ಅರಿಶಿನವನ್ನು ಬೆರಳಿನಿಂದ ಮುಟ್ಟಿ ನೋಡಿದ.

"ಬಸಮ್ಮ" ಎಂದ ಕೊನೆಗೆ. "ನಮ್ಮವ್ವನ ಹೆಸರು ಬಸಮ್ಮ."

ಸತ್ಯವತಿ ಮೆಲ್ಲಗೆ ಕೇಳಿದಳು: "ನಾವು ಇಲ್ಲಿ ಕುಣಿಯೂದು ಬ್ಯಾಡೇನು ತಾತಾ?"

"ಆಕಿಗೆ ಗದ್ದಲ ಆಗಿಬರ್ತಿರಲಿಲ್ಲವ್ವಾ" ಎಂದ ಅಪ್ಪ. ಎಲ್ಲರ ಮುಖ ಇಳಿಯಿತು. ಅಪ್ಪ ಕಣ್ಣು ಒರೆಸಿಕೊಂಡು ಮುಂದುವರಿಸಿದ. "ಆದ್ರ ಇಷ್ಟು ವರ್ಷ ಒಬ್ಬಾಕಿನ ಬಿಟ್ಟೀನಿ ಅಂತ ತಿಳ್ಕೊಂಡಿದ್ದೆ. ಇಷ್ಟು ಮಂದಿ ಇದ್ರಿ ನೀವು. ಕುಣೀರಿ."

ಅಂದಿನಿಂದ ಅಪ್ಪ ಪ್ರತಿ ಅಮಾವಾಸ್ಯೆಗೆ ಬರತೊಡಗಿದ. ಮೊದಮೊದಲು ಕಾಯಿ ಒಡೆದು ಹೋಗುತ್ತಿದ್ದ. ಬರಬರುತ್ತ ಕಟ್ಟೆಯ ಮೇಲೆ ಕೂತು ಹೆಜ್ಜೆ ತಪ್ಪಿದವರನ್ನು ಗದರಿಸುವಷ್ಟಾದ. ಹೆಚ್ಚಾಗಿ ನನ್ನನ್ನೇ. ನಾನು ಮದುವೆಯಾಗಿ ಸುರಪುರಕ್ಕೆ ಹೋದೆ, ಬೇರೆ ಶಾಲೆಗಳಿಗೆ ವರ್ಗವಾದೆ. ಶನಿವಾರದ ಬಸ್ಸು ಹಿಡಿದು ತಾಲೀಮಿಗೆ ಬರುವುದು ಬಿಡಲಿಲ್ಲ. ಕೋಲಾಟದ ಸೊಸೆ ಸಿಕ್ಕಳೆಂದು ಅತ್ತೆ ಒಂದೆರಡು ವರ್ಷ ಮುಖ ಗಂಟಿಕ್ಕಿದ್ದರು. ಆಮೇಲೆ ಶನಿವಾರ ಮನೆಯಲ್ಲಿ ತಮ್ಮದೇ ರಾಜ್ಯ ಎಂದು ಹೊಳೆದು, ಬಸ್ಸಿನ ಹೊತ್ತನ್ನು ಅವರೇ ನೆನಪಿಸತೊಡಗಿದರು.

ಅಪ್ಪನಿಗೆ ಎಂಬತ್ತು ದಾಟಿದ ಮೇಲೆ, ಒಂದು ಸಂಜೆ ಕಟ್ಟೆಯ ಮೇಲೆ ಕೂತಿದ್ದವನು ರತ್ತಮ್ಮನನ್ನು ಕರೆದ. ನಾನು ಪಕ್ಕದಲ್ಲೇ ಇದ್ದೆ.

"ಯವ್ವಾ ರತ್ತಮ್ಮಾ, ಒಂದ್ ಮಾತ ಕೇಳ್ಲೇನು? ಮಾರಿದಾಂವ ಕೇಳಬಾರದು. ಅವ್ವನ ಮಗ್ಗಲಕ ನನಗೊಂದೀಟು ಜಾಗ ಕೊಡ್ತಿಯಾ?"

ರತ್ತಮ್ಮ ಕೋಲಿನಿಂದ ತನ್ನ ಮೊಣಕಾಲು ಮೆಲ್ಲಗೆ ಬಡಿದುಕೊಳ್ಳುತ್ತಿದ್ದಳು.

"ನಾವು ಇಲ್ಲೇ ಕುಣೀತೀವಲ್ಲ ಅಪ್ಪಾ. ನಿಮಗ ನಿದ್ದಿ ಬರ್ತದಾ?"

"ನಮ್ಮಾಗ ಮಲಗಸಂಗಿಲ್ಲವ್ವಾ. ಕುಂದ್ರಸ್ತಾರ."

"ಹಂಗಾದ್ರ ನೋಡ್ಕೋತ ಕುಂದರ್ರಿ" ಎಂದಳು. ಹೇಳಿ, ಎದ್ದು, ಬೆನ್ನು ತಿರುಗಿಸಿ ಮನೆಯೊಳಗೆ ಹೋದಳು. ಸ್ವಲ್ಪ ಹೊತ್ತು ಹೊರಗೆ ಬರಲಿಲ್ಲ.

ಕೊಟ್ಟ ಮಾತು ಅಷ್ಟು ಸಲೀಸಾಗಿ ನಡೆಯಲಿಲ್ಲ. ಶ್ರಾವಣದಲ್ಲಿ ಅಪ್ಪ ಹೋದ. ಸುದ್ದಿ ತಲುಪಿದ ಕೂಡಲೇ ಕ್ಯಾಂಪಿನಲ್ಲಿ ಸಭೆ ಸೇರಿತು. ಅಜ್ಜಿಯದು ಹಳೆಯದು, ನಾವು ಬರುವ ಮೊದಲಿನದು. ಹೊಸದಕ್ಕೆ ಒಪ್ಪಿದರೆ ನಾಳೆ ಇಡೀ ಊರೇ ಬಂದು ಸಾಲಾಗಿ ಕೂರುತ್ತದೆ ಎಂದರು ಕೆಲವರು. ಅವರ ಭಯ ಸುಳ್ಳೆಂದು ನಾನು ಹೇಳಲಾರೆ. ಪರವೂರಲ್ಲಿ ಬೆವರು ಸುರಿಸಿ ಮಾಡಿಕೊಂಡ ನೆಲ. ಆ ಮೂಲೆ ರತ್ತಮ್ಮನ ಪಾಲಿನದು. ಆದರೂ ಅವಳ ಮಗನೇ ಬೇಡವೆಂದ. ರತ್ತಮ್ಮ ವಾದ ಮಾಡಲಿಲ್ಲವಂತೆ. ಪಿಕಾಸಿ ತೆಗೆದುಕೊಂಡು ಹೋಗಿ, ಪೆದ್ದಮ್ಮನ ಪಕ್ಕದಲ್ಲಿ ತಾನೇ ಅಗೆಯತೊಡಗಿದಳಂತೆ. ಎಪ್ಪತ್ತರ ಹೆಂಗಸು ನಾಲ್ಕು ಏಟು ಹಾಕುವುದನ್ನು ನೋಡಿದ ಮಗ ಐದನೆಯದಕ್ಕೆ ಬಂದು ಪಿಕಾಸಿ ಕಸಿದುಕೊಂಡ. ನಾವು ಅಪ್ಪನನ್ನು ಟ್ರ್ಯಾಕ್ಟರಿನಲ್ಲಿ ಕೂರಿಸಿಕೊಂಡು ಬರುವಷ್ಟರಲ್ಲಿ ಕುಣಿ ಸಿದ್ಧವಾಗಿತ್ತು. ರತ್ತಮ್ಮನ ಮಗನ ಬನಿಯನ್, ಕೈ, ಮುಖ ಎಲ್ಲ ಕೆಮ್ಮಣ್ಣು. ನನಗೆ ಕೈ ಮುಗಿದು ಬದಿಗೆ ಸರಿದ.

ಮುಂದಿನ ರಾಮನವಮಿಯ ತಾಲೀಮಿನಲ್ಲಿ ಹೊಸ ತೊಂದರೆ. ಈಗ ನಡುವೆ ಎರಡು ದಿಬ್ಬ. ಹದಿನಾರು ಮಂದಿಯ ಸುತ್ತು ಎರಡಕ್ಕೂ ಸಾಲದು. ಹಿಗ್ಗಿಸಿದರೆ ಕೋಲಿಗೆ ಕೋಲು ತಾಕದು, ಕುಗ್ಗಿಸಿದರೆ ಸತ್ಯವತಿ ಅಪ್ಪನನ್ನು ಎಡವುತ್ತಿದ್ದಳು. ಎಡವಿದಾಗೊಮ್ಮೆ "ಕ್ಷಮಿಸು ತಾತಾ" ಎಂದು ಕೆನ್ನೆ ಬಡಿದುಕೊಳ್ಳುವಷ್ಟರಲ್ಲಿ ಹೆಜ್ಜೆ ತಪ್ಪುತ್ತಿತ್ತು.

"ಇಪ್ಪತ್ತು ಆಗಬೇಕು" ಎಂದಳು ರತ್ತಮ್ಮ.

ಇಪ್ಪತ್ತು ಎಲ್ಲಿಂದ ತರುವುದು? ಕ್ಯಾಂಪಿನ ಹೆಣ್ಣುಮಕ್ಕಳು ಓದಲು, ಗಂಡನ ಮನೆಗೆ ಎಂದು ಹೈದರಾಬಾದಿನ ಕಡೆ ಹೋಗಿದ್ದರು. ಹದಿನಾರು ಉಳಿದದ್ದೇ ಹೆಚ್ಚು. ಕಟ್ಟೆಯ ಮೇಲಿನ ಗಂಡಸರು ಈ ಸಲ ಏನೂ ಅನ್ನಲಿಲ್ಲ. ರತ್ತಮ್ಮನೇ ಶಾಲೆಯ ಅಡುಗೆಮನೆಗೆ ಹೋಗಿ, ಬಿಸಿಯೂಟ ಮಾಡುವ ತಿಂಥಣಿ ಕಡೆಯ ಹಣಮವ್ವನ ಕೈಯಿಂದ ಸೌಟು ತೆಗೆದಿಟ್ಟು ಕೋಲು ಕೊಟ್ಟಳು. ನಮ್ಮೂರಿನಿಂದ ನನ್ನ ತಮ್ಮನ ಹೆಂಡತಿ ಬಂದಳು, ತನ್ನೊಂದಿಗೆ ಓಣಿಯ ಇಬ್ಬರನ್ನು ಕರೆತಂದಳು. ಅಪ್ಪನ ಮಣ್ಣಿಗೆ ಬಂದದ್ದು ಬಿಟ್ಟರೆ ಮೂವರೂ ಮೊದಲ ಸಲ ಕ್ಯಾಂಪಿನೊಳಗೆ ಕಾಲಿಟ್ಟವರು. ಅವರಿಗೆ ತೆಲುಗು ಹಾಡು ಬರದು, ಇವರಿಗೆ ಅವರ ನಾಚಿಕೆ ಬಿಡಿಸಲು ಬರದು. ಹಣಮವ್ವ ಮಾತ್ರ, "ಪದ ಯಾವ್ದರ ಇರ್ಲಿ ತಗೀರಿ, ಕೋಲಿಗೇನ್ ಭಾಷೆ ತಿಳೀತದ?" ಎಂದು ಸೀರೆ ಎತ್ತಿ ಕಟ್ಟಿದಳು.

ಒಂದು ವಾರ ಬೆರಳುಗಳು ಬಾತವು. ಎರಡನೇ ವಾರ ಸುತ್ತು ಒಡೆಯಿತು, ಕೂಡಿತು, ಒಡೆಯಿತು. ಮೊಣಕಾಲು ಸೋತ ರತ್ತಮ್ಮ ಕುರ್ಚಿ ಹಾಕಿಸಿಕೊಂಡು ಹಾಡಿದಳು. ಅವಳ ಜಾಗಕ್ಕೆ ಸೊಸೆ ನಿಂತಳು. ನವಮಿಯ ಸಂಜೆ ಒಳಗೆ ಹತ್ತು, ಹೊರಗೆ ಹತ್ತು ನಿಂತೆವು. ಹಾಡು ಏರುತ್ತ ಹೋಯಿತು, ನಾವು ಸರಿಯುತ್ತ ಹೋದೆವು. ನಾನು ಹಣಮವ್ವನನ್ನು ದಾಟಿದೆ, ಸತ್ಯವತಿಯನ್ನು ದಾಟಿದೆ, ನನ್ನ ತಮ್ಮನ ಹೆಂಡತಿಯನ್ನು ದಾಟಿ ಹೊರಟಲ್ಲಿಗೇ ಬಂದು ನಿಂತೆ. ಸುತ್ತು ಪೂರ್ತಿಯಾಗಿತ್ತು. ಆಯಿಗಾಗಲಿ ಅಪ್ಪನಿಗಾಗಲಿ ಯಾರ ಕಾಲೂ ತಾಕಿರಲಿಲ್ಲ.